ಇಲ್ಲೇ ಇತ್ತಲ್ಲ!

ಪರದೆ ತುಂಬ ಹರಡಿದ ಸಾಮಾನಿನಲ್ಲಿ ಪಟ್ಟಿಯ ವಸ್ತುಗಳನ್ನು ಹುಡುಕುವ ಆಟಗಳಿಗೆ ಚಿತ್ರ ಬಿಡಿಸುವುದು ನನ್ನ ಕೆಲಸ. ಹೊಸ ಆಟವನ್ನು ಜನರಿಗೆ ಕೊಟ್ಟು ನೋಡುವ ದಿನ ನಾನು ಆಡುವವರ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಬಾಯಿ ಬಿಡುವುದಿಲ್ಲ. ಪರದೆಗಿಂತ ಜಾಸ್ತಿ ಅವರ ಬೆರಳನ್ನೇ ನೋಡುತ್ತೇನೆ. ಒಮ್ಮೆ ನಮ್ಮ ಪ್ರೋಗ್ರಾಮರ್ ಹುಡುಗನ ತಾಯಿ ಬಂದಿದ್ದರು. ಅರವತ್ತು ದಾಟಿದವರು. ಟ್ಯಾಬ್ಲೆಟ್‌ನಲ್ಲಿ ಒಂದು ಹಳೇ ಬಂಗಲೆಯ ಅಟ್ಟ, ಅಟ್ಟದ ತುಂಬ ಸಾಮಾನು. ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು: ಕತ್ತರಿ. ಅವರ ಬೆರಳು ಹೊಲಿಗೆ ಮೆಷಿನ್ ಸುತ್ತ ಎರಡು ಸಲ ಓಡಾಡಿತು. ಬಟ್ಟೆ ಗಂಟಿನ ಮೇಲೆ ಹೋಯಿತು, ಟ್ರಂಕಿನ ಹತ್ತಿರ ಹೋಗಿ ವಾಪಸ್ ಬಂತು. ಆಮೇಲೆ ತಟ್ಟನೆ ನಿಂತಿತು. ಕಿಟಕಿಯ ಕಬ್ಬಿಣದ ಸುರುಳಿ ಸುರುಳಿ ಕಂಬಿಗೆ ಕತ್ತರಿ ನೇತು ಹಾಕಿತ್ತು. ಅದರ ಎರಡು ಉಂಗುರ ಆ ಸುರುಳಿಗಳ ಜೊತೆ ಸೇರಿಹೋಗಿತ್ತು. "ಅಯ್ಯೋ, ಇಲ್ಲೇ ಇತ್ತಲ್ಲಪ್ಪ!" ಎಂದು ತೊಡೆ ತಟ್ಟಿಕೊಂಡು ನಕ್ಕರು.

ಮುಂದಿನ ಸೀನ್‌ನಲ್ಲಿ ಅವರಿಗೆ ಒಂದು ಕೀಲಿಕೈ ಸಿಗಲಿಲ್ಲ. ತುಂಬ ಹೊತ್ತು ಹುಡುಕಿ, ಸುಳಿವು ಕೊಡುವ ಹಿಂಟ್ ಗುಂಡಿ ಒತ್ತಿದರು. ಮಿನುಗಿದ ಜಾಗ ನೋಡಿ, "ಇದು ಹೇಗಪ್ಪಾ ಕಾಣುತ್ತೆ?" ಎಂದರು. ಈ ಸಲ ನಗಲಿಲ್ಲ. ಟ್ಯಾಬ್ಲೆಟ್ ಪಕ್ಕಕ್ಕಿಟ್ಟು ನೀರು ಕುಡಿದರು. ಆ ಸೀನ್ ಬಿಡಿಸಿದ್ದು ನಾನು. ಕಂದು ಬಣ್ಣದ ಬಟ್ಟೆ ಪರದೆಯ ಮಡಿಕೆಯೊಳಗೆ ಕಂದು ಕೀಲಿಕೈ ಇಟ್ಟಿದ್ದೆ. ಅದರ ಹಲ್ಲುಗಳು ಬಟ್ಟೆಯ ಹಿಂದೆ ಹೋಗಿದ್ದವು. ಹೊರಗೆ ಕಾಣುತ್ತಿದ್ದದ್ದು ಬರೀ ಒಂದು ಕಡ್ಡಿ.

ಹಿಡನ್ ಆಬ್ಜೆಕ್ಟ್ ಆಟಗಳ ಖುಷಿಯ ಗುಟ್ಟು ಈ ಎರಡು ಮಾತಿನ ನಡುವೆ ಇದೆ ಎಂದು ನಾನು ಅವತ್ತಿನಿಂದ ನಂಬಿದ್ದೇನೆ. ಹೆಸರು ಅಡಗಿಸುವ ಆಟ ಎಂದಿರಬಹುದು. ಆದರೆ ಮಾಡುವವರು ಅಡಗಿಸಬಾರದು. ಎದುರಿಗೇ ಇಡಬೇಕು. ಕಣ್ಣು ಅದರ ಮೇಲೆ ನಾಲ್ಕು ಸಲ ಹಾದು ಹೋಗಿರಬೇಕು, ಐದನೇ ಸಲ ಸಿಗಬೇಕು.

ಈ ಆಟ ಆಡದವರಿಗಾಗಿ ಸ್ವಲ್ಪ ಹಿನ್ನೆಲೆ. ಅಮೆರಿಕದ ಸಿಯಾಟಲ್‌ನ ಬಿಗ್ ಫಿಶ್ ಗೇಮ್ಸ್ 2005ರಲ್ಲಿ 'ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್' ಎಂಬ ಆಟ ತಂದಿತು. ಪರದೆ ತುಂಬ ಸಾಮಾನು, ಜೊತೆಗೊಂದು ಪಟ್ಟಿ, ಓಡುವ ಗಡಿಯಾರ. ಪಟ್ಟಿಯಲ್ಲಿರುವ ವಸ್ತುಗಳನ್ನು ಹುಡುಕಿ ಕ್ಲಿಕ್ ಮಾಡಿದರೆ ಪತ್ತೇದಾರಿ ಕಥೆ ಮುಂದಕ್ಕೆ ಹೋಗುತ್ತದೆ. ಅದು ಚೆನ್ನಾಗಿ ಓಡಿತು. ತಮ್ಮನ್ನು ಗೇಮರ್ ಎಂದು ಎಂದೂ ಕರೆದುಕೊಳ್ಳದ ಜನ, ಅದರಲ್ಲೂ ಮಧ್ಯವಯಸ್ಸಿನ ಹೆಂಗಸರು, ಊಟವಾದ ಮೇಲೆ ಅರ್ಧ ಗಂಟೆ ಕೂತು ಆಡುವ ಆಟವಾಯಿತು. ಇವರಿಗಾಗಿ ಕೆಲಸ ಮಾಡುವುದು ನನಗೆ ಹೆಮ್ಮೆ.

ಈಗ ಕಣ್ಣಿನ ವಿಷಯಕ್ಕೆ ಬರೋಣ. ನಮ್ಮ ಕಸುಬೆಲ್ಲ ಅಲ್ಲೇ ಇರುವುದು. ತೋಳು ಚಾಚಿ ಹೆಬ್ಬೆರಳು ಎತ್ತಿ ನೋಡಿ. ಒಂದು ಸಲಕ್ಕೆ ನಿಮಗೆ ನಿಚ್ಚಳವಾಗಿ ಕಾಣುವುದು ಹೆಚ್ಚುಕಮ್ಮಿ ಆ ಉಗುರಿನಷ್ಟು ಜಾಗ ಮಾತ್ರ. ಸುತ್ತಲಿನದೆಲ್ಲ ಮಬ್ಬು. ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಅಲ್ಲಿಂದಿಲ್ಲಿಗೆ ಹಾರುತ್ತಾ ಇರುತ್ತದೆ, ಮನಸ್ಸು ಆ ತುಂಡುಗಳನ್ನೆಲ್ಲ ಸೇರಿಸಿ ಇಡೀ ಕೋಣೆ ನೋಡಿದೆ ಎಂದು ನಮಗೆ ಹೇಳುತ್ತದೆ. ನೋಡಿರುವುದಿಲ್ಲ.

ಅಕ್ಕಿ ಆರಿಸುವುದನ್ನು ನೆನೆಸಿಕೊಳ್ಳಿ. ಮೊರದಲ್ಲಿ ಹರಡಿದ ಅಕ್ಕಿಯಲ್ಲಿ ಕರಿ ಕಲ್ಲು ತಾನಾಗಿ ಕಣ್ಣಿಗೆ ಬೀಳುತ್ತದೆ. ಅಕ್ಕಿ ಒಂದು ಹಿಡಿ ಇರಲಿ, ಎರಡು ಸೇರು ಇರಲಿ, ಅದು ಎದ್ದು ಕಾಣುತ್ತದೆ. ಬಿಳಿ ಕಲ್ಲು ಹಾಗಲ್ಲ. ಬಣ್ಣ ಅಕ್ಕಿಯದ್ದೇ, ಗಾತ್ರ ನುಚ್ಚಿನದ್ದೇ. ಅದಕ್ಕೆ ಬೆರಳಾಡಿಸಿ ಒಂದೊಂದೇ ಕಡೆ ನೋಡಬೇಕು. ಮನಶ್ಶಾಸ್ತ್ರಜ್ಞರಾದ ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ಬಣ್ಣ ಮತ್ತು ಆಕಾರಗಳನ್ನಿಟ್ಟು ತೋರಿಸಿದರು. ಒಂದೇ ಗುಣದಿಂದ ಬೇರೆಯಾಗಿರುವ ವಸ್ತು ಹುಡುಕದೆಯೇ ಸಿಗುತ್ತದೆ. ಬಣ್ಣ ಪಕ್ಕದ ಕೆಲವು ವಸ್ತುಗಳದ್ದೇ, ಆಕಾರ ಇನ್ನು ಕೆಲವದ್ದೇ ಆಗಿದ್ದರೆ ಮನಸ್ಸು ಒಂದೊಂದನ್ನೇ ಮುಟ್ಟಿ ನೋಡಬೇಕಾಗುತ್ತದೆ.

ನನ್ನ ಕೆಲಸ ಬಿಳಿ ಕಲ್ಲನ್ನೂ ಕರಿ ಕಲ್ಲನ್ನೂ ಹದವಾಗಿ ಬೆರೆಸುವುದು. ಹನ್ನೆರಡು ವಸ್ತು ಇದ್ದರೆ ಮೂರು ನಾಲ್ಕು ನೋಡಿದ ಕೂಡಲೇ ಸಿಗಬೇಕು. ಆಗ ಕೈಗೆ ಹುರುಪು ಬರುತ್ತದೆ. ಆಮೇಲಿನವು ಒಂದಿಷ್ಟು ತಡೆಯಬೇಕು. ಕೊನೆಯದೊಂದು ಸತಾಯಿಸಬೇಕು.

ಆ ಕತ್ತರಿಯನ್ನೇ ಮತ್ತೆ ನೋಡಿ. ಬಣ್ಣ ಕಂಬಿಗೆ ಹತ್ತಿರ, ಉಂಗುರಗಳು ಸುರುಳಿಗೆ ಹತ್ತಿರ. ಆದರೂ ಪೂರ್ತಿ ಹೊರಗಿದೆ. ಇನ್ನೊಂದು ತಡೆಯನ್ನು ಆಡುವವರೇ ತಂದುಕೊಳ್ಳುತ್ತಾರೆ: ಕತ್ತರಿ ಎಂದರೆ ಹೊಲಿಗೆ ಮೆಷಿನ್ ಪಕ್ಕ ಇರುತ್ತದೆ ಎಂಬ ಲೆಕ್ಕ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಮಾಡಿದ ಪ್ರಯೋಗದ ಬಗ್ಗೆ ನೀವು ಕೇಳಿರಬಹುದು. ಚೆಂಡು ಎಷ್ಟು ಸಲ ಕೈ ಬದಲಾಯಿಸಿತು ಎಂದು ಎಣಿಸುತ್ತಾ ಕೂತವರಲ್ಲಿ ಸುಮಾರು ಅರ್ಧದಷ್ಟು ಜನ, ನಡುವೆ ನಡೆದುಹೋದ ಗೊರಿಲ್ಲಾ ವೇಷದವರನ್ನು ಗಮನಿಸಲೇ ಇಲ್ಲ. ನಾವು ಏನನ್ನು ಕಾಯುತ್ತಿರುತ್ತೇವೋ ಅದನ್ನೇ ಕಾಣುತ್ತೇವೆ. ಹಾಗಾಗಿ ವಸ್ತುವನ್ನು ಕತ್ತಲೆಗೆ ನೂಕುವ ಅಗತ್ಯವೇ ಇಲ್ಲ. ನಿರೀಕ್ಷೆಯಿಂದ ಒಂದು ಮಾರು ಪಕ್ಕಕ್ಕಿಟ್ಟರೆ ಸಾಕು. ಅದೂ ಯಾರಾದರೂ ನಿಜವಾಗಿ ಇಡಬಹುದಾದ ಜಾಗವಾಗಿರಬೇಕು.

ಬೇಲೂರಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಚೆನ್ನಕೇಶವ ದೇವಸ್ಥಾನದ ಮದನಿಕೆಯೊಬ್ಬಳ ತಲೆಯ ಮೇಲಿನ ಬಳ್ಳಿಯಲ್ಲಿ ಒಂದು ಹಣ್ಣು, ಹಣ್ಣಿನ ಮೇಲೆ ನೊಣ, ಅದನ್ನು ಹಿಡಿಯಲು ಹೊಂಚುವ ಹಲ್ಲಿ. ಗೈಡ್ ತೋರಿಸುವ ತನಕ ನಾವು ಮದನಿಕೆಯನ್ನೇ ನೋಡುತ್ತಿರುತ್ತೇವೆ. ಕಂಡ ಮೇಲೆ ಹಲ್ಲಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಶಿಲ್ಪಿ ನೊಣವನ್ನು ಮುಚ್ಚಿಟ್ಟಿಲ್ಲ. ಹಲ್ಲಿ, ನೊಣ ಎರಡೂ ಇರಬೇಕಾದ ಜಾಗದಲ್ಲೇ ಇವೆ.

ನಮ್ಮಲ್ಲಿ ಹೊಸಬರು ಸೇರಿದಾಗ ನಾನು ಮೊದಲು ಹೇಳಿಕೊಡುವುದು ವಸ್ತುವಿನ ಗುರುತು ಎಲ್ಲಿದೆ ಎಂಬುದನ್ನು. ಕೀಲಿಕೈಗೆ ಹಲ್ಲು, ಕತ್ತರಿಗೆ ಉಂಗುರ, ಕೊಡೆಗೆ ಬಾಗಿದ ಹಿಡಿ, ಬಾಚಣಿಗೆಗೆ ಕಡ್ಡಿಗಳ ಸಾಲು. ಬೇರೆ ಏನು ಬೇಕಾದರೂ ಮುಚ್ಚಿ, ಅದನ್ನು ಮಾತ್ರ ಮುಚ್ಚಬೇಡಿ. ಎರಡನೆಯದು ನೆರಳು. ಬೆಳಕು ಎಡದಿಂದ ಬರುತ್ತಿದ್ದರೆ ಎಲ್ಲ ವಸ್ತುವಿನ ನೆರಳೂ ಬಲಕ್ಕೇ ಬೀಳಬೇಕು. ಕತ್ತರಿಸಿ ಅಂಟಿಸಿದಂತೆ ಗಾಳಿಯಲ್ಲಿ ತೇಲುವ ಟೀಪಾಟ್, ಬೆಟ್ಟದಷ್ಟು ದೊಡ್ಡ ಚಿಟ್ಟೆ ಇವೆಲ್ಲ ಕೋಣೆಯನ್ನು ಹಾಳು ಮಾಡುತ್ತವೆ. ಆಡುವವರು ಇದೊಂದು ಮನೆ ಎಂದು ನಂಬಿ ಬಂದಿರುತ್ತಾರೆ. ಮೂರನೆಯದು ಬೆರಳು. ಒತ್ತುವ ಜಾಗ ಕನಿಷ್ಠ ಇಷ್ಟಿರಲಿ ಎಂದು ಆಪಲ್ 44 ಪಾಯಿಂಟ್ ಹೇಳುತ್ತದೆ, ಆಂಡ್ರಾಯ್ಡ್ 48 ಡಿಪಿ ಹೇಳುತ್ತದೆ (ಎರಡೂ ಪರದೆಯ ಮೇಲಿನ ಅಳತೆಗಳು). ಆಂಡ್ರಾಯ್ಡ್‌ನವರ ಲೆಕ್ಕದಲ್ಲಿ ಈ ಎರಡನೆಯದು ಸುಮಾರು 9 ಮಿಲಿಮೀಟರ್. ಕಂಪ್ಯೂಟರ್‌ಗೆ ಬಿಡಿಸಿದ ಸೀನನ್ನು ಹಾಗೇ ಕುಗ್ಗಿಸಿ ಫೋನಿಗೆ ಹಾಕಿದರೆ ಸೂಜಿ ಸೂಜಿಯಾಗಿ ಉಳಿಯುವುದಿಲ್ಲ. ಸರಿಯಾಗಿ ಕಂಡು, ಸರಿಯಾಗಿ ಒತ್ತಿ, ಆದರೂ ಆಟ 'ತಪ್ಪು' ಎಂದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ?

ಹೆಸರಿನ ತೊಂದರೆ ಬೇರೆಯೇ ಇದೆ. ನಾವು ಜಾಸ್ತಿ ಬಿಡಿಸುವುದು ಹೊರದೇಶದವರ ಆಟಗಳಿಗೆ. ಇಂಗ್ಲಿಷ್ ಪಟ್ಟಿಯಲ್ಲಿ 'ಬೋ' ಎಂದಿದ್ದರೆ ಬಿಲ್ಲೂ ಆಗಬಹುದು, ಪಿಟೀಲಿನ ಕಮಾನೂ ಆಗಬಹುದು, ರಿಬ್ಬನ್ನಿನ ಗಂಟೂ ಆಗಬಹುದು. ಕನ್ನಡದಲ್ಲಿ 'ಮಣೆ' ಎಂದು ಬರೆದು ನೋಡಿ. ಕೂರುವ ಮಣೆ, ಈಳಿಗೆ ಮಣೆ, ಚಪಾತಿ ಮಣೆ, ಚನ್ನೆಮಣೆ. ಸೀನ್‌ನಲ್ಲಿ ಎರಡು ಮಣೆ ಇದ್ದು, ಆಟ ಒಂದನ್ನೇ ಒಪ್ಪಿದರೆ ಅದು ಮೋಸ. ಎರಡನ್ನೂ ಒಪ್ಪಬೇಕು, ಇಲ್ಲವೇ ಹೆಸರು ಪೂರ್ತಿ ಬರೆಯಬೇಕು. ಹಾಗಂತ ಹೆಸರಿನ ಜೊತೆ ಆಟವಾಡಲೇಬಾರದು ಅಂತಲ್ಲ. ಪೆನ್ನು ಎಂದಾಗ ನಿಮ್ಮ ತಲೆಯಲ್ಲಿ ಬರುವುದು ನಿಮ್ಮ ಜೇಬಿನ ಪೆನ್ನು. ಸೀನ್‌ನಲ್ಲಿ ಇರುವುದು ಗರಿಯ ಪೆನ್ನು. ಸಿಕ್ಕಾಗ 'ಹೌದಲ್ವಾ, ಇದೂ ಪೆನ್ನೇ' ಅನ್ನಿಸಿದರೆ ಅದು ನ್ಯಾಯದ ಆಟ.

ಇಷ್ಟು ಬರೀ ಹುಡುಕುವ ಭಾಗ. ಇದಕ್ಕೆ ಒಗಟು, ಕಥೆ, ಕೋಣೆಯಿಂದ ಕೋಣೆಗೆ ಓಡಾಟ ಸೇರಿದಾಗ ಬೇರೆಯದೇ ರುಚಿ ಬಂತು. ಬಿಗ್ ಫಿಶ್‌ನವರದ್ದೇ 2008ರ 'ರಿಟರ್ನ್ ಟು ರೇವನ್‌ಹರ್ಸ್ಟ್' ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಒಂದು ಬಂಗಲೆಯಲ್ಲಿ ನೀವೇ ತಿರುಗಾಡುತ್ತೀರಿ. ಹುಡುಕಾಟದ ಸೀನ್ ಮುಗಿದಾಗ ಒಂದು ವಸ್ತು ನಿಮ್ಮ ಚೀಲಕ್ಕೆ ಬರುತ್ತದೆ. ಅದು ಬೇರೆಲ್ಲೋ ಒಂದು ಬಾಗಿಲನ್ನೋ ಯಂತ್ರವನ್ನೋ ತೆಗೆಯಲು ಬೇಕು. ಇಂಗ್ಲೆಂಡಿನ ಫೈರ್‌ಪ್ರೂಫ್ ಗೇಮ್ಸ್ 2012ರಲ್ಲಿ ತಂದ 'ದ ರೂಮ್' ಇನ್ನೂ ಚಿಕ್ಕ ಜಾಗ ತೆಗೆದುಕೊಂಡಿತು. ಮೇಜಿನ ಮೇಲೆ ಒಂದು ಪೆಟ್ಟಿಗೆ, ಅಷ್ಟೇ. ಗುಂಡಿ ತಿರುಗಿಸಿದರೆ ಒಂದು ಮುಚ್ಚಳ, ಮುಚ್ಚಳದೊಳಗೆ ಮತ್ತೊಂದು ಬೀಗ. ಲೋಹ ಸರಿಯುವ ಸದ್ದು ಕೇಳುವುದಕ್ಕೇ ನಾನು ಅದನ್ನು ಎರಡು ಸಲ ಆಡಿದ್ದೇನೆ.

ಇಂಥ ಆಟಗಳಲ್ಲಿ ನಾನು ಗಟ್ಟಿಯಾಗಿ ಹಿಡಿದಿರುವ ನಿಯಮ ಒಂದೇ. ಬೀಗ ಮೊದಲು, ಕೀಲಿಕೈ ಆಮೇಲೆ. ಮುಚ್ಚಿದ ಬಾಗಿಲನ್ನು ಮೊದಲು ತೋರಿಸಿ. ಅದರ ಮೇಲೆ ಮೂರು ಎಲೆಯ ಆಕಾರದ ಗುಳಿ ಇರಲಿ. ಆಡುವವರು ನೋಡುತ್ತಾರೆ, ತೆಗೆಯಲಾಗದೆ ಬೇರೆ ಕಡೆ ಹೋಗುತ್ತಾರೆ, ಅರ್ಧ ಮರೆಯುತ್ತಾರೆ. ಹತ್ತು ನಿಮಿಷ ಬಿಟ್ಟು ತೋಟದ ಕಾರಂಜಿಯ ಬುಡದಲ್ಲಿ ಮೂರು ಎಲೆಯ ಹಿತ್ತಾಳೆ ಬಿಲ್ಲೆ ಸಿಕ್ಕಾಗ, ಆಟ ಏನೂ ಹೇಳದಿದ್ದರೂ, ಅವರೇ ಎದ್ದು ಬಾಗಿಲಿನ ಕಡೆ ಓಡುತ್ತಾರೆ. ಹಿಂದೆ ಕೂತ ನನಗೆ ಅದು ಅವರ ಭುಜದಲ್ಲೇ ಕಾಣುತ್ತದೆ. ಬಿಲ್ಲೆಯನ್ನು ಮೊದಲೇ ಕೊಟ್ಟುಬಿಟ್ಟರೆ ಅದು ಚೀಲದಲ್ಲಿ ಬಿದ್ದಿರುವ ಇನ್ನೊಂದು ಸಾಮಾನು.

ಚೀಲದ ವಿಷಯ ಬಂದದ್ದರಿಂದ ಹೇಳುತ್ತೇನೆ. ಚೀಲದಲ್ಲಿ ಚಾಕು ಇದೆ, ಎದುರಿಗೆ ಹಗ್ಗ ಇದೆ. ಚಾಕು ಒತ್ತಿದರೆ ಆಟ ಒಪ್ಪುವುದಿಲ್ಲ, ಇದಕ್ಕೆ ಕತ್ತರಿಯೇ ಬೇಕು ಎನ್ನುತ್ತದೆ. ಈ ಪ್ರಕಾರದ ಆಟಗಳ ಮೇಲೆ ನಾನು ಕೇಳುವ ದೂರುಗಳಲ್ಲಿ ಇದೇ ಜಾಸ್ತಿ, ದೂರು ಸರಿಯಾಗಿಯೇ ಇದೆ. ಚಾಕುವಿನಿಂದ ಹಗ್ಗ ಕತ್ತರಿಸಬಾರದು ಎಂದಿದ್ದರೆ ಚಾಕುವನ್ನು ಆ ಹೊತ್ತಿಗೆ ಚೀಲದಿಂದ ಖಾಲಿ ಮಾಡಿಸಬೇಕು. ಅದು ನಮ್ಮ ಕೆಲಸ.

ಗಡಿಯಾರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ಮೊದಮೊದಲು ಸಮಯದ ಮಿತಿ ಇದ್ದರೇ ಮಜಾ ಎಂದುಕೊಂಡಿದ್ದೆ. ಸ್ಟೂಲ್ ಮೇಲೆ ಕೂತು ನೋಡುತ್ತಾ ನೋಡುತ್ತಾ ಗೊತ್ತಾಯಿತು, ಗಡಿಯಾರ ಓಡಿದರೆ ಜನ ನೋಡುವುದನ್ನು ಬಿಟ್ಟು ಸುಮ್ನೆ ಒತ್ತಲು ಶುರು ಮಾಡುತ್ತಾರೆ. ಈಗ ಬರುವ ಆಟಗಳಲ್ಲಿ ಗಡಿಯಾರವಿಲ್ಲದೆ ಆಡುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಹಿಂಟ್ ತಾನಾಗಿ ಮತ್ತೆ ತುಂಬಿಕೊಳ್ಳುತ್ತದೆ, ಒಗಟು ಬಿಡಿಸಲಾಗದಿದ್ದರೆ ದಾಟಿ ಹೋಗಬಹುದು. ದಾಟಿದವರನ್ನು ಸೋತವರಂತೆ ನೋಡಬಾರದು. ಸುಸ್ತಾಗಿ ಬಂದವರು ಅವರು, ಕಥೆ ಮುಂದೇನಾಯಿತು ಎಂದು ತಿಳಿಯಬೇಕು ಅಷ್ಟೇ. ಉಚಿತ ಮೊಬೈಲ್ ಆಟಗಳಲ್ಲಿ ಶಕ್ತಿ ಮುಗಿಯಿತು, ಕಾಯಿರಿ ಇಲ್ಲವೇ ದುಡ್ಡು ಕೊಡಿ ಎಂದು ನಡುವೆ ತಡೆಯುವುದು ಮಾತ್ರ ನನಗೆ ಇಂದಿಗೂ ಹಿಡಿಸಿಲ್ಲ.

ಹುಡುಕುವುದೇ ಸುಖ ಎಂದು ತೋರಿಸಿಕೊಟ್ಟ ಆಟ ಒಂದಿದೆ, 2017ರ 'ಹಿಡನ್ ಫೋಕ್ಸ್'. ಆಡ್ರಿಯಾನ್ ಡೆ ಯಾಂಗ್ ಮತ್ತು ಸಿಲ್ವೇನ್ ಟೆಗ್ರೋಗ್ ಮಾಡಿದ್ದು. ಪೂರ್ತಿ ಕೈಯಲ್ಲಿ ಬಿಡಿಸಿದ ಕಪ್ಪು ಬಿಳುಪು ಚಿತ್ರ. ಬಣ್ಣದ ಸಹಾಯವೇ ಇಲ್ಲ. ಪೊದೆ ಮುಟ್ಟಿದರೆ ಅಲ್ಲಾಡುತ್ತದೆ, ಡೇರೆ ಮುಟ್ಟಿದರೆ ತೆರೆಯುತ್ತದೆ. ಅದರ ಸದ್ದುಗಳನ್ನೆಲ್ಲ ಬಾಯಲ್ಲೇ ಮಾಡಿದ್ದಾರೆ. ಹುಡುಕಬೇಕಾದವರು ಸಿಗದಿದ್ದರೂ ಪ್ರತಿ ಸಲ ಮುಟ್ಟಿದಾಗ ಏನೋ ಒಂದು ಸಿಗುತ್ತದೆ. ತಪ್ಪಾಗಿ ಒತ್ತಿದ್ದಕ್ಕೆ ದಂಡ ಹಾಕುವ ಆಟಗಳ ನಡುವೆ ಇದನ್ನು ಆಡಿದಾಗ ನನಗೆ ನಿಜವಾಗಿ ಕಣ್ಣು ತೆರೆದಂತಾಯಿತು.

ಆಫೀಸಿನ ಕೆಲಸ ಮುಗಿದ ಮೇಲೆ ರಾತ್ರಿ ಹೊತ್ತು ನಾನು ನನ್ನದೇ ಒಂದು ಸೀನ್ ಬಿಡಿಸುತ್ತಿದ್ದೇನೆ. ಬೆಂಕಿಗೂಡು, ಮೇಣದ ಬತ್ತಿ ಸ್ಟ್ಯಾಂಡ್ ಬಿಡಿಸಿ ಬಿಡಿಸಿ ಕೈಗೆ ಅವು ರೂಢಿಯಾಗಿಬಿಟ್ಟಿವೆ. ಇದು ಮಲೆನಾಡಿನ ಮನೆಯ ಅಡುಗೆಕೋಣೆ. ಒರಳು, ಮೊರ, ಜರಡಿ, ಉಪ್ಪಿನಕಾಯಿ ಭರಣಿ, ಸಾಲಾಗಿ ನೇತು ಹಾಕಿದ ಸೌಟುಗಳು. ಪಟ್ಟಿಯ ಹನ್ನೆರಡು ಹೆಸರೂ ಕನ್ನಡದಲ್ಲೇ. ಲಟ್ಟಣಿಗೆಯನ್ನು ಮೊದಲು ಸೌದೆ ರಾಶಿಯ ಒಳಗೆ ಇಟ್ಟಿದ್ದೆ. ಚೆನ್ನಾಗಿ ಬೆರೆತಿತ್ತು ಎಂದುಕೊಂಡಿದ್ದೆ. ಅತ್ತಿಗೆ ಬಂದು ನೋಡಿ, "ಅಲ್ಲ ಮಾರಾಯ, ಲಟ್ಟಣಿಗೆ ಯಾರಾದ್ರೂ ಸೌದೆ ಜೊತೆ ಇಡ್ತಾರಾ?" ಎಂದರು. ಮಾತು ನೂರಕ್ಕೆ ನೂರು ಸರಿ. ಈಗ ಅದು ಪಾತ್ರೆ ಜೋಡಿಸುವ ಮರದ ಸ್ಟ್ಯಾಂಡಿನಲ್ಲಿದೆ. ಮುರಿದುಹೋದ ಒಂದು ಅಡ್ಡಪಟ್ಟಿಯ ಬದಲಿಗೆ, ತಟ್ಟೆಗಳಿಗೆ ಒರಗುವಂತೆ ಯಾರೋ ಸಿಗಿಸಿದ ಹಾಗೆ.