ನಿದ್ದೆ ಬಲ್ಲ ಫೋನು: ನೋಕಿಯಾ 1100ರ ಗುಣ, ದೋಷ ಮತ್ತು ಅದರ ಸುತ್ತಲಿನ ತಪ್ಪು ನಂಬಿಕೆಗಳು

ಕೀಪ್ಯಾಡ್ ಫೋನುಗಳ ಕಾಲವೇ ಚೆನ್ನಾಗಿತ್ತು ಎನ್ನುವವರು ಸಾಮಾನ್ಯವಾಗಿ ಮೊದಲು ಹೆಸರಿಸುವುದು ನೋಕಿಯಾ 1100 ಮಾದರಿಯನ್ನು. ಆಗಿನ ಬ್ಯಾಟರಿಯೇ ಗಟ್ಟಿ, ಅದರಲ್ಲಿ ವಿಕಿರಣ ಕಡಿಮೆ, ಅದನ್ನು ಯಾರೂ ಹ್ಯಾಕ್ ಮಾಡಲಾರರು ಎಂಬ ಮಾತುಗಳು ಒಂದರ ಹಿಂದೊಂದು ಬರುತ್ತವೆ. ಆ ಫೋನಿನ ಚಾರ್ಜು ದಿನಗಟ್ಟಲೆ ಬರುತ್ತಿದ್ದುದು ನಿಜ, ಆದರೆ ಕಾರಣ ಬ್ಯಾಟರಿಯಲ್ಲ. ಉಳಿದ ಎರಡು ಮಾತುಗಳು ಪರೀಕ್ಷೆಗೆ ನಿಲ್ಲುವುದಿಲ್ಲ. ಒಂದು ಉತ್ತಮ ಯಂತ್ರವನ್ನು ಅದಕ್ಕಿಲ್ಲದ ಗುಣಗಳಿಗಾಗಿ ಕೊಂಡಾಡುತ್ತಾ, ಅದರೊಳಗಿದ್ದ ನಿಜವಾದ ಜಾಣ್ಮೆಯನ್ನು ಮರೆಯುವುದು ನನಗೆ ಬೇಸರದ ಸಂಗತಿ.

ಬ್ಯಾಟರಿಯ ಲೆಕ್ಕವನ್ನೇ ನೋಡೋಣ. 2003ರಲ್ಲಿ ಬಂದ ಈ ಫೋನಿನಲ್ಲಿದ್ದ ಬಿಎಲ್-5ಸಿ ಬ್ಯಾಟರಿಯ ಸಾಮರ್ಥ್ಯ 850 ಮಿಲಿಆಂಪಿಯರ್-ಗಂಟೆ. ಇಂದಿನ ಸಾಧಾರಣ ಸ್ಮಾರ್ಟ್‌ಫೋನಿನಲ್ಲಿ 5000 ಇರುತ್ತದೆ, ಅಂದರೆ ಹಳೆಯದು ಅದರ ಸುಮಾರು ಆರನೆಯ ಒಂದು ಭಾಗ ಮಾತ್ರ. ಆದರೂ ಕರೆಯಿಲ್ಲದೆ ಸುಮ್ಮನೆ ಕಾಯುತ್ತಿದ್ದರೆ 400 ಗಂಟೆಗಳವರೆಗೆ ಬರುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. 850ನ್ನು 400ರಿಂದ ಭಾಗಿಸಿದರೆ ಸರಾಸರಿ ಬಳಕೆ ಎರಡು ಮಿಲಿಆಂಪಿಯರಿಗಿಂತ ತುಸು ಹೆಚ್ಚು. ಒಂದು ಸಾಮಾನ್ಯ ಎಲ್‌ಇಡಿ ದೀಪ ಉರಿಯಲು ಸುಮಾರು 20 ಮಿಲಿಆಂಪಿಯರ್ ಬೇಕು. ಹಾಗಾಗಿ ಈ ಫೋನಿನ ನೆತ್ತಿಯ ಮೇಲಿದ್ದ ಪ್ರಸಿದ್ಧ ಟಾರ್ಚು, ಇಡೀ ಫೋನು ಕರೆಗಾಗಿ ಕಾಯುವಾಗ ಬಳಸುವುದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ವಿದ್ಯುತ್ತನ್ನು ಬಳಸುತ್ತಿತ್ತು.

ಕಾಯುವುದೇ ಆ ಫೋನಿನ ಮುಖ್ಯ ಕೆಲಸವಾಗಿತ್ತು ಎಂಬುದನ್ನು ಇತಿಹಾಸದ ಹಿನ್ನೆಲೆಯಲ್ಲಿ ನೋಡಬೇಕು. ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ನಡೆಯಿತು. ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಆಮೇಲೆ ಹಲವು ವರ್ಷ ಒಳಬರುವ ಕರೆಗೂ ದುಡ್ಡು ಕೊಡಬೇಕಾಗಿತ್ತು. 2003ರಲ್ಲಿ ಕರೆ ಮಾಡಿದವರೇ ಶುಲ್ಕ ಕೊಡುವ ಪದ್ಧತಿ ಜಾರಿಗೆ ಬಂದು ಇನ್‌ಕಮಿಂಗ್ ಉಚಿತವಾಯಿತು, ಅದೇ ವರ್ಷ ಈ ಫೋನೂ ಬಂತು. ಕರೆ ಮಾಡಲು ದುಡ್ಡಿಲ್ಲದವನೂ ಕರೆಗಾಗಿ ಕಾಯಬಹುದು, ತನ್ನ ಕಡೆಯಿಂದ ಮಿಸ್ಡ್ ಕಾಲ್ ಕೊಡಬಹುದು ಎಂದಾದಾಗ, ಕಡಿಮೆ ಖರ್ಚಿನಲ್ಲಿ ಬಹಳ ಹೊತ್ತು ಕಾಯಬಲ್ಲ ಯಂತ್ರಕ್ಕೆ ಬೆಲೆ ಬಂತು.

ಈ ಕಾಯುವಿಕೆ ಹೇಗೆ ನಡೆಯುತ್ತದೆ? ಕರೆಗಾಗಿ ಕಾಯುವ ಫೋನು ಟವರಿನೊಡನೆ ಸದಾ ಸಂಪರ್ಕದಲ್ಲಿರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿದ್ದರೆ ಬ್ಯಾಟರಿ ಒಂದು ದಿನವೂ ಬರುತ್ತಿರಲಿಲ್ಲ. ನಿಜವಾಗಿ ನಡೆಯುವುದನ್ನು ನ್ಯಾಯಾಲಯದ ಹೊರಗಿನ ಜಗಲಿಗೆ ಹೋಲಿಸಬಹುದು. ಒಳಗೆ ಪ್ರಕರಣ ಬಂದಾಗ ಜವಾನ ಬಾಗಿಲಿಗೆ ಬಂದು ಹೆಸರು ಕೂಗುತ್ತಾನೆ, ಅಲ್ಲಿದ್ದ ನೂರಾರು ಜನರಿಗೂ ಅದು ಕೇಳಿಸುತ್ತದೆ, ಎದ್ದು ಹೋಗುವುದು ಆ ಹೆಸರಿನವನು ಮಾತ್ರ. ಟವರು ಮಾಡುವುದೂ ಇದನ್ನೇ. ನಿಮ್ಮ ಫೋನು ಇಂಥ ಕಡೆಯೇ ಇದೆ ಎಂಬುದು ಜಾಲಕ್ಕೆ ನಿಖರವಾಗಿ ಗೊತ್ತಿರುವುದಿಲ್ಲ; ಹಲವು ಟವರುಗಳ ಒಂದು ವಲಯದಲ್ಲಿ ಎಲ್ಲೋ ಇದೆ ಎಂದಷ್ಟೇ ಗೊತ್ತಿರುತ್ತದೆ. ಕರೆ ಬಂದಾಗ ಆ ವಲಯದ ಟವರುಗಳೆಲ್ಲ ನಿಮ್ಮ ಗುರುತನ್ನು ಕೂಗುತ್ತವೆ. ಈಗ ಜವಾನನು, ನಿಮ್ಮ ಹೆಸರಿದ್ದರೆ ಪ್ರತಿ ಗಂಟೆಯ ಕಾಲುಭಾಗ ಕಳೆದಾಗ ಮಾತ್ರ ಕೂಗುತ್ತೇನೆ ಎಂದು ಮೊದಲೇ ಹೇಳಿದ್ದಾನೆಂದುಕೊಳ್ಳಿ. ಉಳಿದ ಹೊತ್ತೆಲ್ಲ ನೀವು ಹೊಂಗೆ ಮರದಡಿ ನಿಶ್ಚಿಂತೆಯಿಂದ ಮಲಗಬಹುದು. ಆ ಕ್ಷಣಕ್ಕೆ ಸರಿಯಾಗಿ ಎದ್ದು ಕಿವಿಗೊಟ್ಟರೆ ಸಾಕು.

ಈ ಫೋನು ಬಳಸುತ್ತಿದ್ದ ಜಿಎಸ್ಎಂ ಎಂಬ 2ಜಿ (ಎರಡನೆಯ ತಲೆಮಾರಿನ) ಮೊಬೈಲ್ ವ್ಯವಸ್ಥೆಯಲ್ಲಿ ಈ ಹೊತ್ತು ನಿಗದಿಯಾಗುವ ಬಗೆ ಬಹಳ ಸೊಗಸಾಗಿದೆ. ಸಿಮ್‌ನೊಳಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ (ಇದು ನಾವು ಡಯಲ್ ಮಾಡುವ ಹತ್ತು ಅಂಕಿಯ ಸಂಖ್ಯೆಯಲ್ಲ). ಅದರ ಕೊನೆಯ ಮೂರು ಅಂಕಿಗಳಿಂದ, ಟವರು ಯಾವ ಗಳಿಗೆಯಲ್ಲಿ ನಿಮ್ಮನ್ನು ಕೂಗಬೇಕು ಎಂಬುದು ತೀರ್ಮಾನವಾಗುತ್ತದೆ. ಟವರಿಗೂ ಫೋನಿಗೂ ಒಂದೇ ಸೂತ್ರ ಗೊತ್ತಿರುವುದರಿಂದ ಇಬ್ಬರೂ ಪರಸ್ಪರ ಕೇಳದೆಯೇ ಅದೇ ಉತ್ತರಕ್ಕೆ ಬರುತ್ತಾರೆ. ಜಾಲದವರು ಇಟ್ಟುಕೊಂಡ ವ್ಯವಸ್ಥೆಗೆ ತಕ್ಕಂತೆ ಆ ಗಳಿಗೆ ಸುಮಾರು ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡಿಗೊಮ್ಮೆ ಮರಳಿ ಬರುತ್ತದೆ. ಫೋನು ಆಗ ಎಚ್ಚೆತ್ತು, ತಲಾ 577 ಮೈಕ್ರೊಸೆಕೆಂಡಿನ ನಾಲ್ಕು ತುಣುಕುಗಳನ್ನು ಆಲಿಸಿ, ತನ್ನ ಹೆಸರಿಲ್ಲವೆಂದು ಖಾತ್ರಿಯಾದೊಡನೆ ರೇಡಿಯೊ ಭಾಗವನ್ನೂ ಪ್ರೊಸೆಸರನ್ನೂ ನಿದ್ದೆಗೆ ಕಳುಹಿಸುತ್ತದೆ. ಮತ್ತೆ ಯಾವಾಗ ಏಳಬೇಕೆಂದು ಲೆಕ್ಕ ಇಡುವುದು ಕೈಗಡಿಯಾರದಲ್ಲಿರುವಂಥ, ಸೆಕೆಂಡಿಗೆ 32,768 ಸಲ ಕಂಪಿಸುವ ಸಣ್ಣ ಸ್ಫಟಿಕ. ಅದಕ್ಕೆ ಬೇಕಾದ ವಿದ್ಯುತ್ತು ನಗಣ್ಯ. ನೀವು ಕರೆ ಮಾಡಿದ ಮೇಲೆ ಆ ಕಡೆ ರಿಂಗ್ ಆಗಲು ಹಿಡಿಯುವ ಸ್ವಲ್ಪ ಹೊತ್ತಿನಲ್ಲಿ ಒಂದು ಪಾಲು, ಆ ಫೋನು ಮುಂದಿನ ಸಲ ಕಣ್ಣು ಬಿಡುವವರೆಗಿನ ಕಾಯುವಿಕೆಯದು.

ಸ್ಮಾರ್ಟ್‌ಫೋನಿನ ರೇಡಿಯೊ ಕೂಡ ಇದೇ ತತ್ತ್ವದ ಮೇಲೆ ನಿದ್ದೆ ಮಾಡುತ್ತದೆ. ಆದರೆ ಅದರಲ್ಲಿರುವ ಹತ್ತಾರು ಆ್ಯಪ್‌ಗಳು ಸುದ್ದಿ, ಸಂದೇಶ, ಜಾಹೀರಾತುಗಳಿಗಾಗಿ ಅದನ್ನು ಮತ್ತೆ ಮತ್ತೆ ಎಬ್ಬಿಸುತ್ತವೆ, ದೊಡ್ಡ ಬಣ್ಣದ ಪರದೆ ಉಳಿದದ್ದನ್ನು ನುಂಗುತ್ತದೆ. 1100ರಲ್ಲಿ ಎಬ್ಬಿಸುವವರೇ ಇರಲಿಲ್ಲ. ಡೇಟಾ ಆಫ್ ಮಾಡಿ, ಪರದೆ ಆರಿಸಿ ಇಟ್ಟರೆ ಇಂದಿನ ಫೋನೂ ಹಲವು ದಿನ ಬರುತ್ತದೆ. ಹಾಗೆಯೇ ಹಳೆಯ ಫೋನಿನ ನಿದ್ದೆಯೂ ಕೆಡುತ್ತಿತ್ತು: ಮಲೆನಾಡಿನ ಕಣಿವೆಯ ಮನೆಯಲ್ಲಿ ಸಿಗ್ನಲ್ ಬಂದು ಹೋಗುತ್ತಿದ್ದರೆ ಅದು ಟವರನ್ನು ಹುಡುಕುತ್ತಲೇ ಇರಬೇಕಾಗುತ್ತಿತ್ತು, ಶಿರಾಡಿ ಘಾಟಿಯ ಬಸ್ಸಿನಲ್ಲಿ ವಲಯ ಬದಲಾದಾಗಲೆಲ್ಲ ತಾನೀಗ ಇಲ್ಲಿದ್ದೇನೆ ಎಂದು ಜಾಲಕ್ಕೆ ತಿಳಿಸಬೇಕಾಗುತ್ತಿತ್ತು. ಕಂಪನಿ ಹೇಳಿದ 400 ಗಂಟೆ ಅಂಥ ಕಡೆ ಸಿಗುತ್ತಿರಲಿಲ್ಲ.

ಇನ್ನು ವಿಕಿರಣದ ಮಾತು. ಹಳೆಯ ಫೋನು ರೇಡಿಯೊ ಅಥವಾ ಟಿವಿಯ ಪಕ್ಕದಲ್ಲಿದ್ದರೆ, ಅದು ರಿಂಗ್ ಆಗುವ ಮೊದಲೇ ಸ್ಪೀಕರಿನಲ್ಲಿ ‘ಟಿಕ್ ಟಿಕಿಟಿಕ್ ಟಿಕಿಟಿಕ್’ ಎಂಬ ಕೊರೆತ ಕೇಳುತ್ತಿದ್ದುದು ಹಲವರಿಗೆ ನೆನಪಿರಬಹುದು. ಹೆಸರು ಕೇಳಿಸಿಕೊಂಡ ಫೋನು ಟವರಿಗೆ ಓಗೊಟ್ಟು ಮಾತುಕತೆ ಆರಂಭಿಸುವ ಸದ್ದು ಅದು. ಜಿಎಸ್ಎಂನಲ್ಲಿ ಒಂದೇ ತರಂಗಾಂತರವನ್ನು ಎಂಟು ಫೋನುಗಳು ಸರದಿಯಂತೆ ಹಂಚಿಕೊಳ್ಳುತ್ತವೆ. ಮಾತನಾಡುವಾಗ ಪ್ರತಿಯೊಂದಕ್ಕೂ 4.615 ಮಿಲಿಸೆಕೆಂಡಿಗೊಮ್ಮೆ ಸರದಿ ಬರುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 217 ಸಲ. ಸ್ಪೀಕರಿನ ತಂತಿ ಆಂಟೆನಾದಂತೆ ವರ್ತಿಸಿ ಈ ಬಡಿತವನ್ನು ಹಿಡಿಯುತ್ತದೆ. 217 ಹರ್ಟ್ಸ್ ನಮ್ಮ ಕಿವಿಗೆ ಕೇಳುವ ಸ್ವರವಾದ್ದರಿಂದ ಅದು ಗುಂಯ್‌ಗುಡುತ್ತದೆ. ಈ ಸರದಿಯಲ್ಲಿ ಫೋನು ಸೂಸಬಹುದಾದ ಗರಿಷ್ಠ ಶಕ್ತಿ 900 ಮೆಗಾಹರ್ಟ್ಸ್ ಪಟ್ಟಿಯಲ್ಲಿ 2 ವಾಟ್. ಎಂಟರಲ್ಲಿ ಒಂದು ಸರದಿ ಮಾತ್ರ ತನ್ನದಾದ್ದರಿಂದ ಸರಾಸರಿ ಕಾಲು ವಾಟ್. ಇಂದಿನ 4ಜಿ ಫೋನಿನ ಗರಿಷ್ಠ ಮಿತಿ ಸುಮಾರು 0.2 ವಾಟ್. ಹಳೆಯದರಲ್ಲಿ ವಿಕಿರಣ ಕಡಿಮೆ ಎಂಬುದಕ್ಕೆ ಇಲ್ಲಿ ಆಧಾರವೇ ಇಲ್ಲ.

ಹಾಗೆಂದು ಹಳೆಯದು ಅಪಾಯಕಾರಿ ಎಂದು ಮತ್ತೊಂದು ಭಯವನ್ನು ಹುಟ್ಟಿಸುವುದೂ ಸರಿಯಲ್ಲ. 900 ಮೆಗಾಹರ್ಟ್ಸ್ ಅಲೆಯ ಒಂದು ಫೋಟಾನಿನ ಶಕ್ತಿ ಒಂದು ಎಲೆಕ್ಟ್ರಾನ್‌ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ನಾಲ್ಕು ಭಾಗದಷ್ಟು. ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕಲು ಬೇಕಾದದ್ದು ಸುಮಾರು ಹತ್ತು ಎಲೆಕ್ಟ್ರಾನ್‌ವೋಲ್ಟ್. ಎಕ್ಸ್-ರೇ ಮಾಡುವ ಹಾನಿಯನ್ನು ಈ ಅಲೆಗಳು ಮಾಡಲಾರವು. ಇವುಗಳಿಂದ ಖಚಿತವಾಗಿ ಗೊತ್ತಿರುವ ಪರಿಣಾಮ ಅಲ್ಪಸ್ವಲ್ಪ ಬಿಸಿಯಾಗುವುದು, ಅದಕ್ಕೆ ಭಾರತದಲ್ಲಿ 2012ರಿಂದ ದೇಹದ ಅಂಗಾಂಶದ ಪ್ರತಿ ಕಿಲೊಗ್ರಾಮಿಗೆ 1.6 ವಾಟ್ ಎಂಬ ಮಿತಿಯಿದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಈ ಅಲೆಗಳನ್ನು ‘ಕ್ಯಾನ್ಸರ್‌ಕಾರಕವಾಗಿದ್ದರೂ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿದ್ದನ್ನೇ, ಸಾಬೀತಾದ ಸಂಗತಿ ಎಂಬಂತೆ ಹಬ್ಬಿಸಲಾಗುತ್ತಿದೆ. ಸಾಕ್ಷ್ಯ ಸೀಮಿತವಾಗಿದೆ ಎಂಬುದಷ್ಟೇ ಆ ಗುಂಪಿನ ಅರ್ಥ.

ಹ್ಯಾಕ್ ಮಾಡಲಾಗದು ಎಂಬ ನಂಬಿಕೆ ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ, ಏಕೆಂದರೆ ಅದನ್ನು ನಂಬಿ ಹಿರಿಯರ ಕೈಗೆ ಇಂಥ ಫೋನು ಕೊಟ್ಟು ನಿಶ್ಚಿಂತರಾಗುವವರಿದ್ದಾರೆ. ಅದರಲ್ಲಿ ಲಿಂಕ್ ಒತ್ತಲು, ಕಂಡಕಂಡ ಆ್ಯಪ್ ಹಾಕಿಕೊಳ್ಳಲು, ಪರದೆಯನ್ನು ವಂಚಕರಿಗೆ ತೋರಿಸಲು ಆಗುವುದಿಲ್ಲ ಎಂಬುದು ದೊಡ್ಡ ಲಾಭವೇ ಸರಿ. ಆದರೆ ಕರೆ ಮಾಡಿ ಒಟಿಪಿ ಕೇಳುವವರಿಗೆ ಯಾವ ಫೋನಾದರೂ ಒಂದೇ. ಇನ್ನು ಜಾಲದ ಮಟ್ಟದಲ್ಲಿ ಜಿಎಸ್ಎಂಗೆ ಹುಟ್ಟಿನಿಂದಲೇ ಬಂದ ದೌರ್ಬಲ್ಯವಿದೆ. 1980ರ ದಶಕದಲ್ಲಿ ಅದನ್ನು ರೂಪಿಸಿದವರು, ಫೋನು ತಾನು ಯಾರೆಂದು ಟವರಿಗೆ ಸಾಬೀತುಪಡಿಸಬೇಕು ಎಂದು ನಿಯಮ ಮಾಡಿದರು; ಟವರು ತಾನು ನಿಜವಾದ ಟವರೆಂದು ಫೋನಿಗೆ ಸಾಬೀತುಪಡಿಸುವ ಏರ್ಪಾಡು ಮಾಡಲಿಲ್ಲ. ಯಾರಾದರೂ ನಕಲಿ ಟವರು ನಿಲ್ಲಿಸಿದರೆ 2ಜಿ ಫೋನು ಅದನ್ನು ನಂಬಿಬಿಡುತ್ತದೆ. ಮಾತನ್ನು ಗೂಢಗೊಳಿಸುವ ಎ5/1 ಎಂಬ ಸಂಕೇತ ವಿಧಾನವೂ 1999ರ ಹೊತ್ತಿಗೆ ಬಯಲಾಗಿತ್ತು. 2009ರಲ್ಲಿ ಜರ್ಮನಿಯ ಕಾರ್ಸ್ಟೆನ್ ನೋಲ್, ಅದನ್ನು ಸಾಧಾರಣ ಉಪಕರಣಗಳಿಂದಲೇ ಭೇದಿಸುವ ದಾರಿಯನ್ನು ಬಹಿರಂಗವಾಗಿ ವಿವರಿಸಿದರು. ಎರಡೂ ಕಡೆಯವರು ಪರಸ್ಪರ ಗುರುತು ತೋರಿಸಬೇಕೆಂಬ ನಿಯಮ ಬಂದದ್ದು 3ಜಿಯೊಂದಿಗೆ.

ಕನ್ನಡಿಗರ ಮಟ್ಟಿಗೆ ಇದಕ್ಕಿಂತ ಕಣ್ಣಿಗೆ ಕಾಣುವ ಕೊರತೆ ಎಸ್ಎಂಎಸ್‌ನಲ್ಲಿತ್ತು. ಸಂದೇಶವೊಂದಕ್ಕೆ 160 ಅಕ್ಷರ ಸಾಕು ಎಂಬುದನ್ನು 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರಿನ ಮುಂದೆ ಕುಳಿತು, ವಾಕ್ಯಗಳನ್ನು ಬರೆದು ಎಣಿಸಿ ಕಂಡುಕೊಂಡರು. ಆ ಎಣಿಕೆ ರೋಮನ್ ಲಿಪಿಯದು. ಸಂದೇಶದ ಒಟ್ಟು ಜಾಗ 140 ಬೈಟ್. ರೋಮನ್ ಅಕ್ಷರಕ್ಕೆ 7 ಬಿಟ್ ಸಾಕಾದರೆ ಯೂನಿಕೋಡಿನ ಕನ್ನಡಕ್ಕೆ 16 ಬಿಟ್ ಬೇಕು, ಆದ್ದರಿಂದ ಮಿತಿ 70ಕ್ಕೆ ಇಳಿಯುತ್ತದೆ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಅದರಲ್ಲಿ ಆರು ಸ್ಥಾನ ನುಂಗುತ್ತದೆ: ಸಕಾರ, ತಕಾರ, ರಕಾರ, ನಡುವಿನ ಎರಡು ಹಲಂತ ಚಿಹ್ನೆ (್), ಕೊನೆಗೆ ದೀರ್ಘದ ಸ್ವರಚಿಹ್ನೆ. ಅಡ್ಡ 96, ಉದ್ದ 65 ಚುಕ್ಕೆಗಳ ಪರದೆಯಲ್ಲಿ ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಡುವುದೂ ಕಷ್ಟ. ಒಂದು ತಲೆಮಾರು ‘ಊಟ ಆಯ್ತಾ’ ಎಂಬುದನ್ನೂ ಇಂಗ್ಲಿಷ್ ಲಿಪಿಯಲ್ಲಿ ಬರೆಯಲು ರೂಢಿಸಿಕೊಂಡದ್ದರ ಹಿಂದೆ ಈ ಲೆಕ್ಕಾಚಾರದ ಪಾತ್ರ ದೊಡ್ಡದು.

ಗಟ್ಟಿತನದ ಬಗೆಗಿನ ಹೊಗಳಿಕೆ ಮಾತ್ರ ಬಹುಮಟ್ಟಿಗೆ ನ್ಯಾಯವಾದದ್ದು. ತೂಕ 86 ಗ್ರಾಂ. 200 ಗ್ರಾಮಿನ ಫೋನು ಅದೇ ಎತ್ತರದಿಂದ ಬಿದ್ದಾಗ ನೆಲಕ್ಕೆ ಅಪ್ಪಳಿಸುವ ಶಕ್ತಿಯ ಅರ್ಧಕ್ಕಿಂತ ಕಡಿಮೆ ಶಕ್ತಿ ಇದರದು. ಬಿದ್ದಾಗ ಹಿಂಬದಿಯ ಮುಚ್ಚಳ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ ಹಾರಿ ಆ ಶಕ್ತಿಯಲ್ಲಿ ಒಂದಷ್ಟನ್ನು ಕೊಂಡೊಯ್ಯುತ್ತಿದ್ದವು. ಇಡೀ ಕೀಪ್ಯಾಡ್ ಒಂದೇ ರಬ್ಬರಿನ ಹಾಳೆಯಾದ್ದರಿಂದ ಒಕ್ಕಣೆಯ ಕಣದ ಧೂಳೂ ಒಳಗೆ ಸುಲಭವಾಗಿ ಇಳಿಯುತ್ತಿರಲಿಲ್ಲ. ಬ್ಯಾಟರಿಗೆ ಒಂದು ಕಳಂಕವಿತ್ತು: 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಾದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದು ಎಂದು 2007ರ ಆಗಸ್ಟಿನಲ್ಲಿ ಕಂಪನಿಯೇ ಪ್ರಕಟಿಸಿ, ಬದಲಿಸಿ ಕೊಡಲು ಮುಂದಾಯಿತು. ವರದಿಯಾದ ಪ್ರಕರಣಗಳು ಸುಮಾರು ನೂರು. ಹಬ್ಬಿದ ಗಾಬರಿ ಅದಕ್ಕಿಂತ ಬಹಳ ದೊಡ್ಡದು.

ಈಗ ಈ ಫೋನಿನ ಆಯುಸ್ಸು ಅದರ ಗಟ್ಟಿತನವನ್ನು ಅವಲಂಬಿಸಿಲ್ಲ. ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ 2017ರ ಆರಂಭದಲ್ಲಿ, ಸಿಂಗಪುರ ಅದೇ ವರ್ಷದ ಏಪ್ರಿಲ್‌ನಲ್ಲಿ 2ಜಿಯನ್ನು ನಿಲ್ಲಿಸಿದವು. ಅಲ್ಲಿರುವ ಕನ್ನಡಿಗರು ಊರಿನಿಂದ ಈ ಫೋನನ್ನು ಕೊಂಡೊಯ್ದರೆ ಟಾರ್ಚಾಗಿ ಬಳಸಬಹುದಷ್ಟೆ. ಭಾರತದಲ್ಲಿ ಜಿಯೊ 2016ರಲ್ಲಿ ಆರಂಭವಾದಾಗಲೇ 2ಜಿ ಇಟ್ಟುಕೊಳ್ಳಲಿಲ್ಲ, ಆದರೆ ಏರ್‌ಟೆಲ್ 2020ರಲ್ಲಿ 3ಜಿಯನ್ನು ಮುಚ್ಚಿದಾಗಲೂ 2ಜಿಯನ್ನು ಉಳಿಸಿಕೊಂಡಿತು. ನಮ್ಮ ಹೊಲಗಳಲ್ಲಿ ಫೋನ್ ಕರೆಯಿಂದಲೇ ಪಂಪ್‌ಸೆಟ್ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಹಲವು ಇದೇ ಜಾಲದ ಸಿಮ್ ಮೇಲೆ ನಡೆಯುತ್ತವೆ. ಸ್ಮಾರ್ಟ್‌ಫೋನ್ ಬೇಡವೆನ್ನುವವರು ಇಂದು ಕೀಪ್ಯಾಡ್ ಫೋನು ಕೊಳ್ಳುವುದಾದರೆ, ಪೆಟ್ಟಿಗೆಯ ಮೇಲೆ 4ಜಿ ಮತ್ತು ವೋಲ್ಟಿ (VoLTE, 4ಜಿ ಜಾಲದಲ್ಲೇ ಕರೆ ಮಾಡುವ ವ್ಯವಸ್ಥೆ) ಎಂದು ಇದೆಯೇ, ಬ್ಯಾಟರಿ ಬಿಚ್ಚಿ ಬದಲಿಸಬಹುದೇ, ಕನ್ನಡ ಲಿಪಿ ಸರಿಯಾಗಿ ಮೂಡುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು; ಕಡೆಯದನ್ನು ಪರೀಕ್ಷಿಸಲು ‘ಸ್ತ್ರೀ’ ಎಂದು ಬರೆದು ನೋಡಿದರೆ ಸಾಕು.