ಸುತ್ತಳತೆಯ ಲೆಕ್ಕದಲ್ಲಿ ಅವ್ಯಕ್ತ ಯಾವುದು?

ಆಯತದ ಸುತ್ತಳತೆಯನ್ನು ಕೊಟ್ಟು ಉದ್ದ, ಅಗಲಗಳನ್ನು ಕೇಳುವ ಹೇಳಿಕೆ ಲೆಕ್ಕಗಳಲ್ಲಿ ಸಮೀಕರಣವನ್ನು ಬಿಡಿಸುವುದು ಕೊನೆಯ, ಹಾಗೂ ಅತ್ಯಂತ ಸುಲಭವಾದ ಕೆಲಸ. ಅದಕ್ಕೂ ಮೊದಲು ಯಾವ ಅಳತೆಯನ್ನು ಅವ್ಯಕ್ತವೆಂದು, ಅಂದರೆ ಕಂಡುಹಿಡಿಯಬೇಕಾದ ಸಂಖ್ಯೆಯೆಂದು, ಹಿಡಿಯಬೇಕೆಂಬುದನ್ನು ತೀರ್ಮಾನಿಸಬೇಕಾಗುತ್ತದೆ. ಬೀಜಗಣಿತವಿರುವುದು ಆ ತೀರ್ಮಾನದಲ್ಲಿ. ಆದರೆ ಅನೇಕ ಮಕ್ಕಳು ಬಾಯಿಪಾಠ ಮಾಡಿಕೊಂಡಿರುವುದು ‘ಹೆಚ್ಚು’ ಎಂದರೆ ಕೂಡು, ‘ಕಡಿಮೆ’ ಎಂದರೆ ಕಳೆ ಎಂಬ ಸೂತ್ರವನ್ನು. ಈ ಸೂತ್ರವನ್ನು ನಂಬುವಂತಿಲ್ಲ. ‘ಅಗಲವು ಉದ್ದಕ್ಕಿಂತ 10 ಮೀಟರ್ ಕಡಿಮೆ, ಅಗಲ 16 ಮೀಟರ್ ಆದರೆ ಉದ್ದವೆಷ್ಟು?’ ಎಂದು ಕೇಳಿದಾಗ, ‘ಕಡಿಮೆ’ ಎಂಬ ಪದವಿದ್ದರೂ ಕೂಡಲೇಬೇಕಾಗುತ್ತದೆ.

ಚಿಕ್ಕಮಗಳೂರಿನ ಮಕ್ಕಳು ದಿನವೂ ಕಾಣುವ, ಕಾಫಿ ಒಣಗಿಸುವ ಕಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆಯತಾಕಾರದ ಕಣವೊಂದರ ಸುತ್ತಳತೆ 84 ಮೀಟರ್. ಅದರ ಉದ್ದವು ಅಗಲದ ಎರಡರಷ್ಟಕ್ಕಿಂತ 6 ಮೀಟರ್ ಕಡಿಮೆ. ಇಲ್ಲಿ ಉದ್ದವನ್ನು ಹೇಳಿರುವುದು ಅಗಲವನ್ನು ಆಧರಿಸಿ. ಕಟ್ಟಿದ ದನ ಎಷ್ಟು ದೂರ ಮೇಯಬಲ್ಲದೆಂಬುದನ್ನು ಗೂಟದಿಂದ ಅಳೆಯುವ ಹಾಗೆ, ಇಲ್ಲಿ ಅಳತೆಯ ಗೂಟ ಅಗಲ. ಆದ್ದರಿಂದ ಅವ್ಯಕ್ತವೆಂದು ಹಿಡಿಯಬೇಕಾದದ್ದು ಅದನ್ನೇ. ಉದ್ದವನ್ನು ಅವ್ಯಕ್ತವೆಂದು ಹಿಡಿದರೂ ಉತ್ತರ ತಪ್ಪಾಗುವುದಿಲ್ಲ, ಆದರೆ ಅಗಲವನ್ನು ಬರೆಯಲು ಆರನ್ನು ಕೂಡಿ ಎರಡರಿಂದ ಭಾಗಿಸಬೇಕಾಗಿ ಬಂದು ಲೆಕ್ಕದೊಳಗೆ ಭಿನ್ನರಾಶಿ ನುಸುಳುತ್ತದೆ. ಕನ್ನಡದ ವಾಕ್ಯರಚನೆ ಇಲ್ಲಿ ನಮಗೆ ನೆರವಾಗುತ್ತದೆ: ಮೊದಲು ಅಗಲದ ಎರಡರಷ್ಟು, ಆಮೇಲೆ 6, ಕೊನೆಗೆ ಕಡಿಮೆ. ಇದೇ ಕ್ರಮದಲ್ಲಿ ಬರೆದರೆ ಸರಿಯಾದ ಬೀಜೋಕ್ತಿ, ಅಂದರೆ ಅಕ್ಷರ ಮತ್ತು ಸಂಖ್ಯೆಗಳಲ್ಲಿ ಬರೆದ ರೂಪ, ದೊರೆಯುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ 6 ಮೊದಲೇ ಬರುವುದರಿಂದ, ಆರರಿಂದ ಅಗಲದ ಎರಡರಷ್ಟನ್ನು ಕಳೆಯುವ ತಪ್ಪಿಗೆ ಅಲ್ಲಿ ಆಸ್ಪದ ಹೆಚ್ಚು.

ಅವ್ಯಕ್ತಕ್ಕೆ ‘ಯಾ’ ಎಂಬ ಗುರುತನ್ನು ಇಡೋಣ. 12ನೇ ಶತಮಾನದ ಭಾಸ್ಕರಾಚಾರ್ಯರು ಮೊದಲ ಅವ್ಯಕ್ತವನ್ನು ಹೀಗೆಯೇ ಬರೆದರು. ಎರಡನೆಯ, ಮೂರನೆಯ ಅವ್ಯಕ್ತಗಳಿಗೆ ಕಾಲಕ, ನೀಲಕ ಎಂಬ ಬಣ್ಣಗಳ ಮೊದಲಕ್ಷರಗಳನ್ನು ಬಳಸಿದರು. ಅದೇ ಶತಮಾನದಲ್ಲಿ ಗಣಿತಜ್ಞ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಬರೆದನೆಂಬುದು, ಬೇಲೂರು, ಹಳೇಬೀಡುಗಳ ಶಿಲ್ಪವನ್ನು ಕುರಿತು ಹೆಮ್ಮೆಪಡುವ ನಾವು ಅಷ್ಟೇ ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

‘ಯಾ’ ಎಂಬುದು ಅಗಲವೆಂಬ ಬದಿಯ ಅಡ್ಡಹೆಸರಲ್ಲ, ಆ ಬದಿಯಲ್ಲಿರುವ ಮೀಟರ್‌ಗಳ ಸಂಖ್ಯೆ. ಈ ವ್ಯತ್ಯಾಸವನ್ನು ಮರೆತರೆ ದೊಡ್ಡವರೂ ಎಡವುತ್ತಾರೆ. 1981ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವಿದ್ಯಾರ್ಥಿಗಳ ಸಂಖ್ಯೆ ಅಧ್ಯಾಪಕರ ಸಂಖ್ಯೆಯ ಆರರಷ್ಟು ಎಂಬುದನ್ನು ಸಮೀಕರಣವಾಗಿ ಬರೆಯಲು ಹೇಳಿದಾಗ, ಇಂಜಿನಿಯರಿಂಗ್ ಓದುತ್ತಿದ್ದವರಲ್ಲಿಯೇ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಪ್ಪು ಬರೆದರು. ಅವರಲ್ಲಿ ಬಹುಪಾಲು ಜನ ಆರರಿಂದ ಗುಣಿಸಿದ್ದು ವಿದ್ಯಾರ್ಥಿಗಳ ಸಂಖ್ಯೆಯನ್ನು; ಗುಣಿಸಬೇಕಾಗಿದ್ದದ್ದು ಅಧ್ಯಾಪಕರ ಸಂಖ್ಯೆಯನ್ನು.

ಇನ್ನು ಸುತ್ತಳತೆ. ಕಣದ ಒಂದು ಮೂಲೆಯಿಂದ ಎದುರು ಮೂಲೆಗೆ ಅಂಚಿನ ಮೇಲೆಯೇ ನಡೆದು ಹೋದರೆ ಒಂದು ಉದ್ದ, ಒಂದು ಅಗಲ ಮುಗಿದು ಅರ್ಧ ಸುತ್ತಾಗುತ್ತದೆ. ಅದು 42 ಮೀಟರ್. ಹಾಗಾಗಿ ಯಾ + (2ಯಾ − 6) = 42. ಇದರಿಂದ 3ಯಾ = 48, ಅಂದರೆ ಅಗಲ 16, ಉದ್ದ 26 ಮೀಟರ್. ಅರ್ಧ ಮಾಡುವುದನ್ನು ಮರೆತು 84ನ್ನೇ ಬರೆದವರಿಗೆ 30 ಮತ್ತು 54 ದೊರೆಯುತ್ತವೆ. ತಾಳೆ ನೋಡಿದರೆ ಸುತ್ತಳತೆ 168 ಆಗಿ ತಪ್ಪು ತಾನಾಗಿಯೇ ಹೊರಬೀಳುತ್ತದೆ.

ಸುತ್ತಳತೆಯ ಸೂತ್ರವನ್ನು ಮಾತ್ರ ನೆಚ್ಚಿದವರನ್ನು ಪರೀಕ್ಷಿಸಲು ಇದೇ ಕಣದ ಉದ್ದದ ಒಂದು ಬದಿಯನ್ನು ಗೋದಾಮಿನ ಗೋಡೆಗೆ ತಾಗಿಸಿ, ಉಳಿದ ಮೂರು ಬದಿಗಳಿಗೆ ಒಂದು ಸುತ್ತು ತಂತಿ ಬಿಗಿಯಲು 58 ಮೀಟರ್ ಬೇಕಾಯಿತು ಎನ್ನಬಹುದು. ಇಲ್ಲಿ ಅರ್ಧ ಮಾಡುವ ಪ್ರಶ್ನೆಯೇ ಇಲ್ಲ; ತಂತಿ ಹಾದುಹೋದ ಬದಿಗಳನ್ನಷ್ಟೇ ಕೂಡಿದರೆ (2ಯಾ − 6) + 2ಯಾ = 58 ಎಂದಾಗುತ್ತದೆ, ಮತ್ತು ಅಗಲ ಪುನಃ 16 ಮೀಟರ್ ಎಂದೇ ಬರುತ್ತದೆ.