ಬ್ಯಾರಿಟೋನ್ ಯುಕುಲೇಲೆಗೆ ಯಾವ ಚಾರ್ಟ್ ನೋಡಬೇಕು?

ಪ್ರಶ್ನೆ: ಮಗಳಿಗೆಂದು ಮಂಗಳೂರಿನಿಂದ ಬ್ಯಾರಿಟೋನ್ ಯುಕುಲೇಲೆ ಎಂಬ, ಗಿಟಾರಿನಂಥ ನಾಲ್ಕು ತಂತಿಯ ವಾದ್ಯ ತಂದೆವು. ಮೊಬೈಲಿನಲ್ಲಿ ಸಿಕ್ಕ ಯುಕುಲೇಲೆ ಚಾರ್ಟ್ ನೋಡಿ ಸಿ ಕಾರ್ಡ್ ಹಿಡಿದರೆ ಮನೆಯ ಕೀಬೋರ್ಡಿನ ಸಿ ಜೊತೆ ಸೇರುವುದೇ ಇಲ್ಲ. ವಾದ್ಯ ಸರಿ ಇಲ್ವಾ? ಮೊದಲು ಯಾವ ಕಾರ್ಡ್ ಕಲಿಯಬೇಕು?
– ಬದಿಯಡ್ಕದ ಓದುಗರು

ಉತ್ತರ: ವಾದ್ಯ ಸರಿಯಾಗಿಯೇ ಇದೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಕೆಲವು ಸ್ವರಗಳು; ಅದಕ್ಕೆ ಬೆರಳು ಎಲ್ಲಿಡಬೇಕೆಂದು ತೋರಿಸುವ ಚಿತ್ರವೇ ಚಾರ್ಟ್. ನೀವು ನೋಡಿದ ಚಾರ್ಟ್ ಈ ವಾದ್ಯದ್ದಲ್ಲ, ಅಷ್ಟೇ. ಬ್ಯಾರಿಟೋನ್ ತಂದವರೆಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆ ಕೇಳುತ್ತಾರೆ.

ಸೊಪ್ರಾನೋ, ಕಾನ್ಸರ್ಟ್, ಟೆನರ್ ಎಂಬ ಚಿಕ್ಕ ಯುಕುಲೇಲೆಗಳ ತಂತಿಗಳನ್ನು ಸಾಮಾನ್ಯವಾಗಿ ಜಿ, ಸಿ, ಇ, ಎ ಎಂದು ಶ್ರುತಿ ಮಾಡುತ್ತಾರೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಬ್ಯಾರಿಟೋನಿನದು ಡಿ, ಜಿ, ಬಿ, ಇ. ಅಂದರೆ ಗಿಟಾರಿನ ತೆಳುವಾದ ನಾಲ್ಕು ತಂತಿ ಹೇಗೋ ಹಾಗೆಯೇ. ಹಾಗಾಗಿ ಯುಕುಲೇಲೆ ಚಾರ್ಟ್ ಬದಿಗಿಡಿ, ಗಿಟಾರ್ ಚಾರ್ಟ್ ತೆಗೆಯಿರಿ. ಅದರಲ್ಲಿ ಎರಡು ದಪ್ಪ ತಂತಿ ಬಿಟ್ಟು ಉಳಿದ ನಾಲ್ಕನ್ನು ಮಾತ್ರ ನೋಡಿ. ಪಕ್ಕದ ಮನೆಯ ಹುಡುಗನ ಹತ್ತಿರ ಗಿಟಾರ್ ಪುಸ್ತಕ ಇದ್ದರೆ ಅದೇ ಸಾಕು.

ನಿಮ್ಮ ಮಗಳು ಹಿಡಿದ ಆ 'ಸಿ' ಬ್ಯಾರಿಟೋನಿನಲ್ಲಿ ಜಿ ಆಗುತ್ತದೆ. ಹಾಗೆಯೇ ಚಿಕ್ಕ ಯುಕುಲೇಲೆಯ ಎಫ್ ಇಲ್ಲಿ ಸಿ, ಜಿ ಇಲ್ಲಿ ಡಿ, ಎ ಮೈನರ್ ಇಲ್ಲಿ ಇ ಮೈನರ್. ಬೆರಳು ಇಡುವ ಜಾಗ ಅದೇ, ಹೆಸರು ಮಾತ್ರ ಬೇರೆ.

ಶ್ರುತಿ ನೋಡುವ ಟ್ಯೂನರ್ ಆ್ಯಪ್ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಸುಮ್ನೆ 'ಯುಕುಲೇಲೆ' ಆಯ್ದರೆ ಡಿ ತಂತಿಯನ್ನು ಜಿಗೆ ಏರಿಸಲು ಹೇಳುತ್ತದೆ. ಅಷ್ಟು ಬಿಗಿ ಮಾಡಿದರೆ ತಂತಿ ತುಂಡಾದೀತು. ಬ್ಯಾರಿಟೋನ್ ಎಂಬ ಆಯ್ಕೆ ಇಲ್ಲದಿದ್ದರೆ ಗಿಟಾರ್ ಇಟ್ಟುಕೊಳ್ಳಿ. ಹೊಸ ನೈಲಾನ್ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಶ್ರುತಿ ಇಳಿಯುತ್ತಲೇ ಇರುತ್ತದೆ. ಅದಕ್ಕೆ ಗಾಬರಿ ಬೇಡ. ಗಿಟಾರಿನ ಸ್ಟೀಲ್ ತಂತಿಯನ್ನು ಮಾತ್ರ ಇದಕ್ಕೆ ಹಾಕಬೇಡಿ, ತಂತಿ ಕಟ್ಟುವ ಪಟ್ಟಿ, ಅಂದರೆ ಬ್ರಿಡ್ಜ್, ಕಿತ್ತು ಬರಬಹುದು.

ಇನ್ನು ಕಾರ್ಡ್‌ಗಳು. ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಗೆರೆಗಳ ನಡುವಿನ ಮನೆ) ಸಂಖ್ಯೆ ಬರೆಯುತ್ತೇನೆ. 0 ಅಂದರೆ ಬೆರಳು ಒತ್ತದ ತೆರೆದ ತಂತಿ.

ಜಿ: 0003. ಉಂಗುರ ಬೆರಳೊಂದೇ ಸಾಕು.
ಇ ಮೈನರ್: 2000. ಇದಕ್ಕೆ ನಡುಬೆರಳೊಂದೇ.
ಸಿ: 2010.
ಡಿ7: 0212.

ಈ ಕ್ರಮ ಸುಮ್ನೆ ಇಟ್ಟಿದ್ದಲ್ಲ. ಇ ಮೈನರ್ ಹಿಡಿದ ನಡುಬೆರಳನ್ನು ಎತ್ತದೆ, ತೋರುಬೆರಳನ್ನು ಬಿ ತಂತಿಯ ಮೊದಲ ಫ್ರೆಟ್ಟಿಗೆ ಇಟ್ಟರೆ ಸಿ ಬಂತು. ತೋರುಬೆರಳು ಅಲ್ಲೇ ಇರಲಿ. ನಡುಬೆರಳು ಪಕ್ಕದ ಜಿ ತಂತಿಗೆ ಜಾರಲಿ, ಉಂಗುರ ಬೆರಳು ತೆಳು ತಂತಿಯ ಎರಡನೇ ಫ್ರೆಟ್ಟಿಗೆ ಬರಲಿ. ಡಿ7 ಬಂತು. ಹೊಸಬರು ಪ್ರತಿ ಸಲ ಕೈಯನ್ನೇ ಪೂರ್ತಿ ಎತ್ತಿಬಿಡುತ್ತಾರೆ. ತಡವಾಗುವುದು ಅದಕ್ಕೇ. ಸ್ವರ ಝರ್ ಅಂದರೆ ಬೆರಳು ಫ್ರೆಟ್ಟಿನ ಲೋಹದ ಗೆರೆಯಿಂದ ದೂರ ಇದೆ ಅಂತ ಅರ್ಥ. ಗೆರೆಗೆ ತಾಗುವಷ್ಟು ಹತ್ತಿರ, ಅದರ ಹಿಂದೆ ಒತ್ತಿ. ಎಡಗೈ ಉಗುರು ಕತ್ತರಿಸಿರಲಿ.

ಎಫ್ ಅನ್ನು ಈಗ ಮುಟ್ಟಬೇಡಿ. 3211, ಒಂದೇ ಬೆರಳಲ್ಲಿ ಎರಡು ತಂತಿ ಒತ್ತಬೇಕು. ಮಕ್ಕಳು ವಾದ್ಯ ಮೂಲೆಗಿಡುವುದು ಹೆಚ್ಚಾಗಿ ಅಲ್ಲೇ.

ಕಾಸರಗೋಡಿನ ಕಡೆ ಮಕ್ಕಳಿಗೆ ಕಾರ್ಡ್‌ಗಿಂತ ಮೊದಲು ಸರಿಗಮ ಗೊತ್ತಿರುತ್ತದೆ, ಅಲ್ವಾ? ಅದನ್ನೇ ಬಳಸಿಕೊಳ್ಳಿ. ಜಿಯನ್ನು ಷಡ್ಜ ಮಾಡಿಕೊಂಡರೆ ಮೋಹನದ ಸ ರಿ ಗ ಪ ಧ ಅಂದರೆ ಜಿ, ಎ, ಬಿ, ಡಿ, ಇ. ಜಿ ಕಾರ್ಡಿನಲ್ಲಿ ಇರುವುದು ಸ, ಗ, ಪ. ಇ ಮೈನರಿನಲ್ಲಿ ಧ, ಸ, ಗ. ಎರಡರಲ್ಲೂ ಮೋಹನದ ಹೊರಗಿನ ಸ್ವರ ಒಂದೂ ಇಲ್ಲ. ಆದ್ದರಿಂದ ಮೋಹನದಲ್ಲಿ ಕೂರಿಸಿದ ಭಾವಗೀತೆಗೋ ಭಜನೆಗೋ ಒಂದೊಂದೇ ಬೆರಳಿನ ಈ ಎರಡು ಕಾರ್ಡ್ ಬದಲಿಸುತ್ತಾ ಹೋದರೆ ಹಾಡು ಕೆಡುವುದಿಲ್ಲ. ಹಾಡು ಪಂಚಮದಲ್ಲಿ ನಿಂತಾಗ ಜಿ, ಧೈವತದಲ್ಲಿ ನಿಂತಾಗ ಇ ಮೈನರ್ ಹಾಕಿ ನೋಡಿ. ಸಿ ಹಾಕಿದರೆ ಮಧ್ಯಮ ಬಂತು. ಡಿ7ನಲ್ಲಿ ಮಧ್ಯಮವೂ ಇದೆ, ನಿಷಾದವೂ ಇದೆ. ಇವು ಮೋಹನಕ್ಕೆ ಸಲ್ಲವು, ಶಂಕರಾಭರಣದ ಹಾಡಿಗೆ ಸಲ್ಲುತ್ತವೆ. ಗಮಕ ಜಾಸ್ತಿ ಇರುವ ತೋಡಿಯಂಥ ರಾಗಕ್ಕೆ ಕಾರ್ಡ್ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಅಲ್ಲಿ ಜಿ ಮತ್ತು ಡಿ ತಂತಿ ಎರಡನ್ನೇ ತಂಬೂರಿಯಂತೆ ಮೀಟಿದರೆ ಸಾಕು, ಸ ಮತ್ತು ಪ ಸಿಗುತ್ತದೆ.

ಜಿ ಅಂದರೆ ಹಾರ್ಮೋನಿಯಂನ ಬಿಳಿ 5. ಮಗಳಿಗೆ ಅದು ತಗ್ಗು ಅನ್ನಿಸಿದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕೇಪೋ ಎಂಬ ಕ್ಲಿಪ್ ಸಿಗುತ್ತದೆ. ಎರಡನೇ ಫ್ರೆಟ್ಟಿಗೆ ಹಾಕಿ ಇದೇ ಕಾರ್ಡ್‌ಗಳನ್ನು ಹಿಡಿದರೆ ಷಡ್ಜ ಬಿಳಿ 6ಕ್ಕೆ ಏರುತ್ತದೆ. ಐದನೇ ಫ್ರೆಟ್ಟಿಗೆ ಹಾಕಿದರೆ ತಂತಿಗಳು ಜಿ, ಸಿ, ಇ, ಎ ಆಗುತ್ತವೆ. ಆಗ ನೀವು ಮೊದಲು ನೋಡಿದ ಚಾರ್ಟ್ ಕೂಡ ಹಾಗೇ ಹೊಂದುತ್ತದೆ.